ಪಿಕಪ್‌ಗೆ ರಾಕ್ ಸ್ಲೈಡರ್ ಯಾವುದು ಹಾಕಿಸೋದು? ನಮ್ಮ ಕಡೆಯವರ ಅನುಭವ

ಕೊರಟಗೆರೆಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ಇಸುಜು ವಿ-ಕ್ರಾಸ್, ಫೋರ್ ಬೈ ಫೋರ್. ತೋಟ ಗುಡ್ಡದ ಬುಡದಲ್ಲಿದೆ, ಕೊನೆಯ ಎರಡು ಕಿಲೋಮೀಟರ್ ಬರೀ ಬಂಡೆ ಮತ್ತು ಕೊರಕಲು. ಹೋದ ತಿಂಗಳು ಎಡಗಡೆ ಬಾಗಿಲ ಕೆಳಗಿನ ತಗಡು ಕಲ್ಲಿಗೆ ತಾಗಿ ಒಳಗೆ ಹೋಯಿತು. ಬಾಗಿಲ ಕೆಳಗೆ ಕಲ್ಲಿನ ಪೆಟ್ಟು ತಡೆಯುವ ಪೈಪು, ಅಂದರೆ ರಾಕ್ ಸ್ಲೈಡರ್, ಹಾಕಿಸೋಣ ಅಂತಿದ್ದೇನೆ. ರೆಡಿಮೇಡ್ ತರಿಸಲಾ, ತುಮಕೂರಿನಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಲಾ? ಪೈಪು ಎಷ್ಟು ದಪ್ಪ ಇರಬೇಕು? ಅಮ್ಮನಿಗೆ ಮಂಡಿ ನೋವು, ಹತ್ತಿ ಇಳಿಯಲು ಮೆಟ್ಟಿಲೂ ಆದರೆ ಒಳ್ಳೆಯದು. ಹಾಕಿಸಿದವರು ದಯವಿಟ್ಟು ಹೇಳಿ.

ಮಧುಗಿರಿಯಿಂದ

ನನ್ನದೂ ಇದೇ ಗಾಡಿ, ಇದೇ ಥರದ ದಾರಿ. ಒಂದು ಸಲ ತಪ್ಪು ಮಾಡಿ, ಆಮೇಲೆ ಸರಿಯಾಗಿ ಮಾಡಿಸಿದ್ದೇನೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಅಂಗಡಿಯಲ್ಲಿ ಸ್ಲೈಡರ್ ಕೇಳಿದರೆ ಫುಟ್‌ಸ್ಟೆಪ್ ತೋರಿಸಿ ಇದೇ ಸ್ಲೈಡರ್ ಅನ್ನುವವರು ಇದ್ದಾರೆ. ನಿಂತು ನೋಡಿದರೆ ಎರಡೂ ಒಂದೇ ಥರ, ಕಪ್ಪು ಪೈಪು, ಮೇಲೆ ಚೆಕ್ಕರ್ ಪ್ಲೇಟು. ಬಗ್ಗಿ ಕೆಳಗೆ ನೋಡಬೇಕು. ಬ್ರಾಕೆಟ್ಟು ಬಾಡಿಯ ತಗಡಿಗೆ ಕೂತಿದ್ದರೆ ಅದು ಫುಟ್‌ಸ್ಟೆಪ್, ಮನುಷ್ಯ ಕಾಲಿಡುವುದಕ್ಕೆ ಮಾತ್ರ. ಸ್ಲೈಡರ್ ಅಂದರೆ ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿಗೆ ಕೂತಿರಬೇಕು, ಗಾಡಿಯ ಭಾರ ಪೂರ್ತಿ ಅದರ ಮೇಲೆ ಬಿದ್ದರೂ ತಡೆಯಬೇಕು. ಮಿಕ್ಕ ವಿಷಯ ಎಲ್ಲ ಇದಾದ ಮೇಲೆ.

ನಾನು ಮೊದಲು ಹಾಕಿಸಿದ್ದು ಫುಟ್‌ಸ್ಟೆಪ್ಪೇ. ಒಂದು ದಿನ ಹುಣಸೆಹಣ್ಣಿನ ಮೂಟೆ ಹೇರಿಕೊಂಡು ಇಳಿಯುತ್ತಿದ್ದೆ, ಮುಂದಿನ ಎಡ ಚಕ್ರ ಬಂಡೆ ಮೇಲಿಂದ ಜಾರಿತು, ಗಾಡಿ ಆ ಪೈಪಿನ ಮೇಲೇ ಕೂತಿತು. ಪೈಪು ಡೊಂಕಾಗಲಿಲ್ಲ. ಅದೇ ಕೆಟ್ಟದ್ದಾಯಿತು. ಪೈಪು ಹಾಗೇ ಮೇಲಕ್ಕೆ ಎದ್ದು, ಅದನ್ನು ಹಿಡಿದಿದ್ದ ಬ್ರಾಕೆಟ್ಟು ತಗಡನ್ನು ಹರಿದುಕೊಂಡು ಒಳಗೆ ಹೋಗಿತ್ತು. ಹಿಂದಿನ ಬಾಗಿಲ ಕೆಳ ಅಂಚಿಗೆ ಪೈಪು ಒತ್ತಿಕೊಂಡು ಬಾಗಿಲು ತೆರೆಯಲೇ ಇಲ್ಲ, ಹಿಂದೆ ಕೂತಿದ್ದ ಅಪ್ಪ ಸೀಟಿನ ಮೇಲೆ ಜರುಗಿಕೊಂಡು ಆ ಕಡೆಯಿಂದ ಇಳಿದರು. ಏನೂ ಹಾಕಿಸದೇ ಇದ್ದಿದ್ದರೆ ತಗಡಿಗೆ ಒಂದು ತಗ್ಗು ಬೀಳುತ್ತಿತ್ತು, ಅಷ್ಟೇ.

ಪಿಕಪ್‌ಗೆ ಇದು ಜಾಸ್ತಿ ಆಗುವುದಕ್ಕೆ ಕಾರಣ ಇದೆ. ವಿ-ಕ್ರಾಸ್‌ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 3095 ಮಿಲಿಮೀಟರ್. ಮೂರು ಬಾಗಿಲಿನ ಥಾರ್‌ಗೆ 2450 ಮಾತ್ರ. ಥಾರ್ ದಾಟಿ ಹೋದ ದಿಣ್ಣೆಯಲ್ಲೇ ನಮ್ಮ ಗಾಡಿಯ ಹೊಟ್ಟೆ ತಾಗುತ್ತದೆ. ಟೈರು ದೊಡ್ಡದು ಹಾಕಿದರೆ ಸ್ವಲ್ಪ ಮೇಲೇಳುತ್ತದೆ, ಆದರೆ ನಡುವಿನ ಉದ್ದ ಅಷ್ಟೇ ಇರುತ್ತದಲ್ಲ.

ಎರಡನೇ ಸಲ ತುಮಕೂರಿನಲ್ಲೇ ಮಾಡಿಸಿದೆ. ಟ್ರಾಕ್ಟರ್ ಟ್ರೇಲರ್ ಮಾಡುವ ಅಂಗಡಿ. ಭಾರ ಹೊರುವ ಕೆಲಸ ಅವರಿಗೆ ದಿನಾ ಇರುತ್ತದೆ, ಗೇಟು ಗ್ರಿಲ್ಲು ಮಾಡುವ ಕಡೆಗಿಂತ ಅಲ್ಲಿ ಕೇಳುವುದು ಮೇಲು. ಪೈಪು ನಾನೇ ಹೋಗಿ ತಂದೆ. ನೀರಿನ ಪೈಪಿನಲ್ಲೇ ಎ, ಬಿ, ಸಿ ಅಂತ ಮೂರು ಕ್ಲಾಸ್ ಬರುತ್ತದೆ, ಬಣ್ಣದ ಪಟ್ಟಿ ನೋಡಿ ಗೊತ್ತಾಗುತ್ತದೆ. ಹಳದಿ ಎ, ನೀಲಿ ಬಿ, ಕೆಂಪು ಸಿ. ಕೆಂಪೇ ಬೇಕು. ಒಂದೊಂದು ಸ್ಲೈಡರ್‌ಗೂ ಅಕ್ಕಪಕ್ಕ ಎರಡು ಪೈಪು. ಗಾಡಿಯ ಕಡೆಗಿರುವ ಮುಖ್ಯ ಪೈಪು ಎರಡು ಇಂಚಿನದು, ಗೋಡೆ 4.5 ಮಿಲಿಮೀಟರ್. ಹೊರಗಿನದು ಒಂದೂವರೆ ಇಂಚಿನದು, 4 ಮಿಲಿಮೀಟರ್. ಸೀಮ್‌ಲೆಸ್, ಅಂದರೆ ಜೋಡಿಲ್ಲದ ಪೈಪು ಸಿಕ್ಕಿದರೆ ಇನ್ನೂ ಒಳ್ಳೆಯದು, ನನಗೆ ಬೇಕಾದಷ್ಟು ತುಂಡಿನಲ್ಲಿ ಸಿಗಲಿಲ್ಲ. ಜೋಡು ಇರುವ ಪೈಪಾದರೆ ಆ ಜೋಡಿನ ಗೆರೆ ಕಲ್ಲಿನ ಕಡೆ ಬರದ ಹಾಗೆ ಒಳಮುಖ ಮಾಡಿ ಕೂರಿಸಲು ಹೇಳಿ.

ಪೈಪನ್ನು ಚಾಸಿಗೆ ಹಿಡಿಸಲು ಒಂದೊಂದು ಕಡೆಗೆ ನಾಲ್ಕು ಕಾಲು. ಕಾಲಿನ ತುದಿಗೆ 8 ಮಿಲಿಮೀಟರ್ ಪ್ಲೇಟು, ಅದು ಚಾಸಿಯ ಮೈಗೆ ಪೂರ್ತಿ ಒತ್ತಿ ಕೂರಬೇಕು. ಕಂಪನಿಯವರೇ ಬಿಟ್ಟ ತೂತುಗಳಲ್ಲಿ ಬೋಲ್ಟು ಹಾಕಿದ್ದೇವೆ, ಹೊಸ ತೂತು ಕೊರೆದಿಲ್ಲ. ಚಾಸಿ ಒಳಗೆ ಟೊಳ್ಳು, ಬೋಲ್ಟು ಜೋರಾಗಿ ಬಿಗಿದರೆ ಅದರ ಮೈ ಒಳಕ್ಕೆ ಒತ್ತಿಕೊಳ್ಳುತ್ತದೆ, ಅದಕ್ಕೆ ಒಳಗೆ ಪೈಪಿನ ತುಂಡು ಕೂರಿಸಿ ಅದರ ಮೂಲಕ ಬೋಲ್ಟು ತಂದಿದ್ದಾರೆ. ಬೋಲ್ಟಿನ ತಲೆ ಮೇಲೆ 8.8 ಅಂತ ಗಟ್ಟಿತನದ ಅಚ್ಚು ಇರುತ್ತದೆ, ಕೈಯಲ್ಲಿ ಹಿಡಿದು ನೋಡಿ. ಅಚ್ಚು ಇಲ್ಲದ ಬೋಲ್ಟು ಬೇಡ. ಐನೂರು ಕಿಲೋಮೀಟರ್ ಓಡಿಸಿ ಎಲ್ಲ ಬೋಲ್ಟನ್ನೂ ಮತ್ತೊಂದು ಸಲ ಬಿಗಿ ನೋಡಿಸಿ. ನನ್ನವು ಎರಡು ಸಡಿಲ ಆಗಿದ್ದವು.

ಪೈಪಿಗೂ ಬಾಗಿಲ ಕೆಳಗಿನ ತಗಡಿಗೂ ನಡುವೆ ಎರಡು ಬೆರಳು ಜಾಗ ಬಿಡಿಸಿ. ಚಂದ ಕಾಣಲ್ಲ, ಇನ್ನೂ ಅಂಟಿಸೋಣ ಅಂತ ಅಂಗಡಿಯವರು ಹೇಳಬಹುದು, ಒಪ್ಪಬೇಡಿ. ಬಾಡಿ ಕೂತಿರುವುದು ರಬ್ಬರ್ ಬುಷ್ ಮೇಲೆ, ಅದು ಅಲ್ಲಾಡುತ್ತದೆ, ಸ್ಲೈಡರ್ ಚಾಸಿಯ ಜೊತೆ ಹೋಗುತ್ತದೆ. ಜಾಗ ಇಲ್ಲದಿದ್ದರೆ ನಿಮ್ಮ ಸ್ಲೈಡರೇ ನಿಮ್ಮ ತಗಡನ್ನು ಉಜ್ಜುತ್ತದೆ.

ದುಡ್ಡು ಕೊಡುವ ಮೊದಲು ಅಲ್ಲೇ ಪರೀಕ್ಷೆ ಮಾಡಿ. ಸಮತಟ್ಟು ನೆಲ, ಚಕ್ರಕ್ಕೆ ಕಲ್ಲು ಕೊಟ್ಟು, ಸ್ಲೈಡರ್‌ನ ಹೊರ ಪೈಪಿಗೆ ನಡುಮಧ್ಯದಲ್ಲಿ ಜಾಕು ಇಟ್ಟು ನಿಧಾನಕ್ಕೆ ಎತ್ತಿಸಿ. ಯಾರೂ ಕೆಳಗೆ ನುಗ್ಗಬಾರದು. ನಾನು ಆ ಎರಡು ಬೆರಳಿನ ಸಂದಿಯ ಎದುರಿಗೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಸ್ಪ್ರಿಂಗು ಎದ್ದಿತು, ಟೈರಿನ ಉಬ್ಬು ಕಮ್ಮಿ ಆಯಿತು, ಆಮೇಲೆ ಟೈರು ನೆಲ ಬಿಟ್ಟಿತು. ಸಂದಿಯಲ್ಲಿ ಬೆರಳು ಇನ್ನೂ ಆಡುತ್ತಿತ್ತು. ಅವತ್ತಿನಿಂದ ಆ ದಾರಿಯಲ್ಲಿ ಧೈರ್ಯವಾಗಿ ಇಳಿಯುತ್ತೇನೆ, ಪೈಪಿನ ಕೆಳಗೆ ಕಲ್ಲಿನ ಗೀರು ಬೇಕಾದಷ್ಟಿವೆ, ತಗಡಿಗೆ ಒಂದೂ ಇಲ್ಲ.

ಭಾರ ಎರಡೂ ಸೇರಿ 70 ಕೆಜಿ ಹತ್ತಿರ ಬಂತು. ಒಬ್ಬ ಮನುಷ್ಯ ಯಾವಾಗಲೂ ಜೊತೆಗಿದ್ದ ಹಾಗೆ. ಲೋಡು ಹೇರುವಾಗ ಅದನ್ನು ಲೆಕ್ಕ ಹಿಡಿಯಿರಿ.

ಚಿಂತಾಮಣಿಯಿಂದ

ಮೇಲಿನವರು ಹೇಳಿದ್ದು ಸರಿ. ನನ್ನದು ಹೈಲಕ್ಸ್, ರೆಡಿಮೇಡ್ ತರಿಸಿದೆ. ಗಾಡಿಗೆ ಅಂತಲೇ ಮಾಡಿದ್ದರಿಂದ ಬೋಲ್ಟಿನ ಜಾಗ ಸರಿಯಾಗಿ ಕೂತಿತು, ಅರ್ಧ ದಿನದ ಕೆಲಸ. ದುಡ್ಡು ಜಾಸ್ತಿ, ಅದೊಂದು ಕಷ್ಟ.

ಎರಡು ವಿಷಯ ಸೇರಿಸುತ್ತೇನೆ. ಹೊರ ಪೈಪು ಹಿಂದಿನ ಚಕ್ರದ ಹತ್ತಿರ ಸ್ವಲ್ಪ ಹೊರಗೆ ಬಾಗಿರುವ ಮಾದರಿ ತೆಗೆದುಕೊಳ್ಳಿ. ನಮ್ಮ ಕಡೆ ಬೆಟ್ಟದ ದಾರಿಯಲ್ಲಿ ಎರಡು ಗುಂಡುಕಲ್ಲುಗಳ ನಡುವೆ ತಿರುಗಬೇಕಾಗುತ್ತದೆ. ಮುಂದಿನ ಚಕ್ರ ದಾಟುತ್ತದೆ, ಹಿಂದಿನದು ಒಳಗೆ ಕತ್ತರಿಸಿಕೊಂಡು ಬಂದು ಗುಂಡುಕಲ್ಲಿಗೆ ಒರಗುತ್ತದೆ. ಆ ಬಾಗು ಕಲ್ಲಿಗೆ ತಾಗಿ ಗಾಡಿಯ ಹಿಂಭಾಗವನ್ನು ಆಚೆ ತಳ್ಳುತ್ತದೆ, ಡಾಲಾ, ಅಂದರೆ ಹಿಂದಿನ ಲೋಡು ಹೇರುವ ಭಾಗ ಉಳಿಯುತ್ತದೆ. ಉದ್ದ ಗಾಡಿಗೆ ಇದು ತುಂಬಾ ಉಪಯೋಗ.

ಇನ್ನೊಂದು, ಪೌಡರ್ ಕೋಟಿಂಗ್‌ಗೆ ಮರುಳಾಗಬೇಡಿ. ನಮ್ಮದು ಗ್ರಾನೈಟ್ ಸೀಮೆ, ಒಂದು ಸಲ ಉಜ್ಜಿದರೆ ಕಿತ್ತು ಬರುತ್ತದೆ. ಕಿತ್ತ ಕಡೆಯಿಂದ ನೀರು ಒಳಗೆ ಸೇರಿ, ಮೇಲೆ ಕಪ್ಪಗೆ ಚೆನ್ನಾಗಿ ಕಾಣುತ್ತಿದ್ದರೂ ಒಳಗೊಳಗೇ ತುಕ್ಕು ಹರಡುತ್ತದೆ. ನಾನು ಉಗುರಿನಿಂದ ಕೆರೆದು ನೋಡಿದಾಗ ಅಂಗೈ ಅಗಲದ ಸಿಪ್ಪೆ ಎದ್ದು ಬಂತು, ಕೆಳಗೆ ಪೂರ್ತಿ ಕೆಂಪು. ಎಲ್ಲ ಉಜ್ಜಿಸಿ ಪ್ರೈಮರ್ ಹೊಡೆದು ಮಾಮೂಲಿ ಕಪ್ಪು ಎನಾಮಲ್ ಬಳಿದೆ. ಈಗ ಗೀರು ಬಿದ್ದರೆ ಮನೆಯಲ್ಲೇ ಬ್ರಷ್ ತಗೊಂಡು ಹಚ್ಚುತ್ತೇನೆ. ಪೈಪಿನ ಕೆಳಭಾಗದಲ್ಲಿ ನೀರು ಹೋಗಲು ಸಣ್ಣ ತೂತು ಬಿಡಿಸಿ.

ಶ್ರೀನಿವಾಸಪುರದಿಂದ

ಸರ್, ಯಾರಾದರೂ ಬೋಲ್ಟು ಯಾಕೆ, ಚಾಸಿಗೇ ವೆಲ್ಡ್ ಮಾಡಿಬಿಡೋಣ ಅಂದರೆ ಬೇಡ ಅನ್ನಿ. ಬ್ರೇಕ್ ಪೈಪು, ವೈರಿಂಗ್, ಡೀಸೆಲ್ ಪೈಪು ಎಲ್ಲ ಚಾಸಿಗೆ ಅಂಟಿಕೊಂಡೇ ಹೋಗುತ್ತವೆ. ಬಿಸಿಗೆ ಚಾಸಿಯ ಉಕ್ಕಿನ ಗುಣವೂ ಕೆಡುತ್ತದೆ. ಪೈಪುಗಳಿಗೆ ಗಾಡಿ ಮೇಲೆಯೇ ಟ್ಯಾಕ್, ಅಂದರೆ ಚುಕ್ಕೆ ವೆಲ್ಡು ಹಾಕುವುದಿದ್ದರೂ ಬ್ಯಾಟರಿ ಕನೆಕ್ಷನ್ ಬಿಚ್ಚಿಸಿ. ಪೂರ್ತಿ ವೆಲ್ಡಿಂಗ್ ಕೆಳಗಿಳಿಸಿಕೊಂಡು ಮಾಡಲಿ.

ಕಾನೂನಿನ ಕಡೆಗೂ ಗಮನ ಇರಲಿ. 2017ರ ಡಿಸೆಂಬರ್‌ನಲ್ಲಿ ಕೇಂದ್ರದವರು ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಅಂತ ಬಂಪರ್ ಮುಂದೆ ಹಾಕಿಸುವ ಕಂಬಿಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದರು. ಗಾಡಿಯಲ್ಲಿ ಬದಲಾವಣೆ ಮಾಡುವ ವಿಷಯ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಬರುತ್ತದೆ. ಮೊದಲೇ ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ. ಟೈರಿನ ಗೆರೆ ದಾಟಿ ಹೊರಗೆ ಚಾಚಿಸಬೇಡಿ. ಬೋಲ್ಟಿನದಾದರೆ ಬೇಕಾದಾಗ ಬಿಚ್ಚಿಡಬಹುದು.

ನಾನು ಹಾಕಿಸಿಲ್ಲ. ನಮ್ಮ ಮಾವಿನ ತೋಟದ ದಾರಿ ಕೆಂಪು ಮಣ್ಣು, ಮಳೆಯಲ್ಲಿ ಕೆಸರು, ಕಲ್ಲೇ ಇಲ್ಲ. ಆ 70 ಕೆಜಿ ಬದಲು ಒಳ್ಳೆ ಟೈರಿಗೆ ದುಡ್ಡು ಹಾಕಿದೆ.

ಕೊರಟಗೆರೆಯಿಂದ ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಗಡಿಗೆ ಹೋಗಿ ಬಗ್ಗಿ ನೋಡಿದೆ, ಅವರು ನನಗೆ ತೋರಿಸಿದ್ದೂ ತಗಡಿಗೆ ಕೂರುವುದೇ. ಬೋಲ್ಟಿನದೇ ಮಾಡಿಸುತ್ತೇನೆ. ಟೇಪು ಹಿಡಿದರೆ ನೆಲದಿಂದ ಬಾಗಿಲ ಕೆಳ ಅಂಚಿಗೆ ಒಂದೂವರೆ ಅಡಿಗೂ ಜಾಸ್ತಿ ಇದೆ. ಅಮ್ಮನಿಗೆ ಮೆಟ್ಟಿಲಾಗಲಿ ಅಂತ ಸ್ಲೈಡರ್ ಸ್ವಲ್ಪ ಕೆಳಗೆ ಇಳಿಸಿ ಕೂರಿಸಬಹುದಾ?

ಮಧುಗಿರಿಯಿಂದ

ಬೇಡ. ಕೆಳಗೆ ಇಳಿಸಿದಷ್ಟೂ ಮೊದಲು ಅದೇ ಕಲ್ಲಿಗೆ ತಾಗುತ್ತದೆ. ಮೆಟ್ಟಿಲು ಕೆಳಗಿರಬೇಕು, ಸ್ಲೈಡರ್ ಮೇಲಿರಬೇಕು, ಎರಡನ್ನೂ ಒಂದರಲ್ಲೇ ಮಾಡಿಸಲು ಹೋದರೆ ಎರಡೂ ಅರ್ಧಂಬರ್ಧ. ನಮ್ಮ ಅಪ್ಪನಿಗೆ ಅಂತ ಮುಕ್ಕಾಲು ಅಡಿ ಎತ್ತರದ ಮರದ ಮಣೆ ಮಾಡಿಸಿ, ಹಗ್ಗ ಕಟ್ಟಿ ಸೀಟಿನ ಕೆಳಗೆ ಇಟ್ಟಿದ್ದೇನೆ. ಅವರು ಮಣೆ ಮೇಲೆ ಒಂದು ಹೆಜ್ಜೆ, ಸ್ಲೈಡರ್ ಮೇಲೆ ಒಂದು ಹೆಜ್ಜೆ ಇಟ್ಟು ಆರಾಮಾಗಿ ಹತ್ತುತ್ತಾರೆ. ಕೂತ ಮೇಲೆ ಹಗ್ಗ ಹಿಡಿದು ಮಣೆ ಮೇಲೆಳೆದುಕೊಳ್ಳುತ್ತಾರೆ. ಅಳತೆ ಬೇಕಾದರೆ ಫೋಟೋ ಹಾಕುತ್ತೇನೆ.