ಹೊಸ ಮನೆ, ಬದಲಾಗುತ್ತಲೇ ಇರುವ ಇಂಧನ ನಿಯಮ: ಕಟ್ಟಿ ಮುಗಿಸಿದವರು ಹೇಳಿ

ಪ್ರಶ್ನೆ: ತುಮಕೂರಿನ ಶಿರಾ ಗೇಟ್ ಕಡೆ ನಮ್ಮದು 30×40 ಸೈಟು. ಯುಗಾದಿ ಕಳೆದ ಮೇಲೆ ಪಾಯ ತೆಗೆಸುತ್ತೇವೆ. ಇಂಧನ ಉಳಿಸೋಕೆ ಹೊಸ ಸಂಹಿತೆ ಬಂದಿದೆಯಂತೆ, ಸ್ಟಾರ್ ಲೆಕ್ಕ ಬದಲಾಗಿದೆಯಂತೆ, ಸೋಲಾರ್ ಹಾಕಿಸಲೇಬೇಕಂತೆ. ಇಂಜಿನಿಯರ್ ಒಂದು ಹೇಳುತ್ತಾರೆ, ಅಂಗಡಿಯವರು ಇನ್ನೊಂದು. ನಮ್ಮಂಥ ಸಣ್ಣ ಮನೆಗೆ ಯಾವುದು ಅನ್ವಯ?

ಕ್ಯಾತಸಂದ್ರದಿಂದ: ಮೊದಲು ಗಾಬರಿ ಬಿಡಿ ಸಾರ್. ನೀವು ಹೇಳೋ ಸಂಹಿತೆ ಅಂದರೆ ಇಕೋ ನಿವಾಸ್ ಸಂಹಿತೆ, ವಾಸದ ಮನೆಗಳ ಇಂಧನ ನಿಯಮ. ಅದು 2018ರ ಡಿಸೆಂಬರ್‌ನಲ್ಲಿ ಬಂದಾಗ 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಸೈಟುಗಳಿಗೆ ಅಂತ ಬರೆದದ್ದು. ನಿಮ್ಮದು ಸುಮಾರು 111. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ತಿದ್ದಿ ವಾಸದ ಕಟ್ಟಡಗಳನ್ನೂ ಸೇರಿಸಿದರು. ಆದರೆ ಅದು 100 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚು ವಿದ್ಯುತ್ ಲೋಡಿನ ದೊಡ್ಡ ಕಟ್ಟಡಗಳ ಮಾತು. ನಮ್ಮ ಮನೆಯದು ನಾಲ್ಕೇ ಕಿಲೋವ್ಯಾಟ್.

ಹಾಗಂತ ಆ ಸಂಹಿತೆಯನ್ನು ಪಕ್ಕಕ್ಕಿಡಬೇಡಿ. ನಾನು ಇಟ್ಟೆ, ಈಗಲೂ ಬೇಜಾರಿದೆ. ತಾರಸಿಯಿಂದ ಇಳಿಯುವ ಬಿಸಿಗೆ ಅದರಲ್ಲಿ ಒಂದು ಮಿತಿ ಇದೆ, ಯು ಮೌಲ್ಯ 1.2 ದಾಟಬಾರದು. ಈ ಅಂಕಿ ಕಮ್ಮಿ ಇದ್ದಷ್ಟೂ ಒಳಗೆ ಬರುವ ಬಿಸಿ ಕಮ್ಮಿ. ಬರೀ ಆರ್‌ಸಿಸಿ ಮೋಲ್ಡ್ ಅದರ ಹತ್ತಿರಕ್ಕೂ ಬರಲ್ಲ. ಮೊದಲ ಏಪ್ರಿಲ್‌ನಲ್ಲಿ ಒಂದು ರಾತ್ರಿ ಹತ್ತು ಗಂಟೆಗೆ ಹಾಸಿಗೆ ಇಳಿಸೋಕೆ ಅಟ್ಟ ಹತ್ತಿದ್ದೆ. ಕೈ ಮೋಲ್ಡಿಗೆ ತಗುಲಿತು. ಆಗ ತಾನೇ ಇಸ್ತ್ರಿ ಮಾಡಿದ ಬಟ್ಟೆ ಮುಟ್ಟಿದ ಹಾಗಿತ್ತು. ಫ್ಯಾನು ಅದೇ ಬಿಸಿಯನ್ನು ಕೆಳಗೆ ತಳ್ಳುತ್ತಿತ್ತು. ಅಮ್ಮ ಚಾಪೆ ತೆಗೆದುಕೊಂಡು ವರಾಂಡಕ್ಕೆ ಹೋದರು. ಮರುವರ್ಷ ತಾರಸಿಗೆ ಒಡೆದ ಬಿಳಿ ಟೈಲ್ಸ್ ಹಾಕಿಸಿದೆವು. ಒಳಗೆ ಕೂತರೇ ವ್ಯತ್ಯಾಸ ಗೊತ್ತಾಗುತ್ತದೆ. ನೀರು ಹರಿಯಲು ಇಳಿಜಾರಿಗೆ ಗಾರೆ ಹಾಕಿದಾಗಲೇ ಮಾಡಿಸಿದ್ದರೆ ಕೂಲಿ ಎರಡು ಸಲ ಬೀಳುತ್ತಿರಲಿಲ್ಲ.

ಗೋಡೆ, ತಾರಸಿ, ಕಿಟಕಿ ಆಮೇಲೆ ತಿದ್ದೋಕಾಗಲ್ಲ ಅಲ್ವಾ? ತಲೆ ಕೆಡಿಸಿಕೊಳ್ಳೋದಾದರೆ ಅಲ್ಲಿ ಕೆಡಿಸಿಕೊಳ್ಳಿ. ಪಡುವಣ ಗೋಡೆಗಾದರೂ ಸಾಲಿಡ್ ಬ್ಲಾಕ್ ಬದಲು ಎಎಸಿ ಬ್ಲಾಕ್ (ಒಳಗೆ ಗಾಳಿ ಗುಳ್ಳೆ ಇರುವ ಹಗುರ ಬ್ಲಾಕ್) ನೋಡಿ, ಬಿಸಿ ಒಳಗೆ ಬಿಡೋದು ಕಮ್ಮಿ.

ಕೋಲಾರದಿಂದ: ಕಿಟಕಿ ಬಗ್ಗೆ ಒಂದು ಮಾತು. ಬೆಂಗಳೂರಿನಂಥ ಹವೆಗೆ ಕಾರ್ಪೆಟ್ ಏರಿಯಾದ (ಗೋಡೆ ಬಿಟ್ಟು ಒಳಗಿನ ಜಾಗದ) 12.5% ಗಾಳಿಗೆ ತೆರೆಯುವಂತಿರಬೇಕು ಅನ್ನುತ್ತದೆ ಅದೇ ಸಂಹಿತೆ. 800 ಚದರಡಿಗೆ 100 ಚದರಡಿ. ಸ್ಲೈಡಿಂಗ್ ಕಿಟಕಿ ಎಷ್ಟೇ ಅಗಲ ಇಟ್ಟರೂ ತೆರೆಯೋದು ಅರ್ಧವೇ. ನಾವು ಇದನ್ನು ಲೆಕ್ಕ ಹಾಕಲೇ ಇಲ್ಲ. ಮಗಳ ರೂಮಿಗೆ ಗಾಳಿಯೇ ಸಾಲದು.

ಸೋಲಾರ್ ವಾಟರ್ ಹೀಟರ್ ಇದೆಯಾ ಅಂತ ನಮಗೆ ಕರೆಂಟ್ ಕನೆಕ್ಷನ್ ಕೊಡುವಾಗಲೇ ಕೇಳಿದರು. ಬೋರ್‌ವೆಲ್ ನೀರಾದರೆ ತಾಮ್ರದ ಕೊಳವೆಯದ್ದು ಬೇಡ, ಸುಣ್ಣ ಕಟ್ಟುತ್ತದೆ. ಗಾಜಿನ ಕೊಳವೆಯದ್ದೇ ವಾಸಿ.

ಕಾಗದಪತ್ರದ ಪಟ್ಟಿಯೂ ನಡುವೆ ಬದಲಾಗಬಹುದು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಓಸಿ (ಮನೆ ವಾಸಕ್ಕೆ ಸಿದ್ಧ ಅಂತ ಸ್ಥಳೀಯ ಸಂಸ್ಥೆ ಕೊಡುವ ಪತ್ರ) ಇಲ್ಲದೆ ಕರೆಂಟು, ನೀರು ಕೊಡಬಾರದು ಎಂದಾಗ ನಮ್ಮದು ಇನ್ನೂ ಗೋಡೆ ಮಟ್ಟದಲ್ಲಿತ್ತು. ಪಾಯದ ಹೊತ್ತಿಗೆ ಕೇಳಿಕೊಂಡಿದ್ದ ಪಟ್ಟಿ ಉಪಯೋಗಕ್ಕೆ ಬರಲಿಲ್ಲ. ಬೆಸ್ಕಾಂ ಕಚೇರಿಯಲ್ಲಿ ಮೋಲ್ಡ್ ಆದಾಗ ಒಂದು ಸಲ, ಅರ್ಜಿ ಹಾಕುವ ಮೊದಲು ಇನ್ನೊಂದು ಸಲ ಕೇಳಿ.

ಚಿಕ್ಕಬಳ್ಳಾಪುರದಿಂದ: ಆಫರ್ ಇದೆ ಅಂತ ಫ್ಯಾನು, ಎಸಿ ಈಗಲೇ ತಂದಿಡಬೇಡಿ. 2022ರ ಜುಲೈನಲ್ಲಿ ಎಸಿಯ ಸ್ಟಾರ್ ಲೆಕ್ಕ (ಕರೆಂಟು ಉಳಿಸುವುದಕ್ಕೆ ಕೊಡುವ ಅಂಕ) ಬಿಗಿ ಮಾಡಿದಾಗ ಹಳೆಯ 5 ಸ್ಟಾರ್ 4ಕ್ಕೆ ಇಳಿಯಿತು. ಲೇಬಲ್ ಮೇಲೆ ಯಾವ ಅವಧಿಯದ್ದು ಅಂತ ಇರುತ್ತದೆ, ಸ್ಟಾರಿಗಿಂತ ಮೊದಲು ಅದನ್ನು ಓದಿ. ಸೀಲಿಂಗ್ ಫ್ಯಾನಿಗೂ 2023ರ ಜನವರಿಯಿಂದ ಲೇಬಲ್ ಕಡ್ಡಾಯ. ಬಿಎಲ್‌ಡಿಸಿ ಅಂದರೆ ಕರೆಂಟು ಕಮ್ಮಿ ತಿನ್ನುವ ಹೊಸ ಬಗೆಯ ಮೋಟಾರಿನ ಫ್ಯಾನು 30 ವ್ಯಾಟ್ ಆಸುಪಾಸು, ಹಳೇದು 75.

ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಕರೆಂಟು ತಯಾರಿಸುವ ತಾರಸಿ ಸೋಲಾರ್‌ಗೆ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲೆ 78,000 ರೂಪಾಯಿ ಸಹಾಯಧನ. ಈಗ ದುಡ್ಡು ಇಲ್ಲದಿದ್ದರೂ ತಾರಸಿಯಿಂದ ಮೀಟರ್ ಬೋರ್ಡ್‌ವರೆಗೆ ಖಾಲಿ ಪೈಪು ಹಾಕಿಸಿಡಿ. ನಮ್ಮಲ್ಲಿ ಹೊಸ ಪೇಂಟಿನ ಗೋಡೆ ಕೊರೆಯಬೇಕಾಯ್ತು.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಆಯ್ತು. ನಕ್ಷೆ ತೆಗೆದು ನೋಡಿದೆ. ವಾಸ್ತು ಪ್ರಕಾರ ಮಲಗುವ ಕೋಣೆ ನೈಋತ್ಯಕ್ಕಿದೆ. ಸಂಜೆ ಬಿಸಿಲು ಪೂರ್ತಿ ಅಲ್ಲೇ. ಅಪ್ಪ ಅದನ್ನು ಬದಲಿಸೋಕೆ ಒಪ್ಪಲ್ಲ.

ಕ್ಯಾತಸಂದ್ರದಿಂದ: ಕೋಣೆ ಅಲ್ಲೇ ಇರಲಿ ಸಾರ್, ಹಿರಿಯರ ಮನಸ್ಸು ನೋಯಿಸೋದು ಬೇಡ. ಬಟ್ಟೆ ಬೀರು ಪೂರ್ತಿ ಪಡುವಣ ಗೋಡೆಗೆ ಬರಲಿ, ಕಿಟಕಿ ದಕ್ಷಿಣಕ್ಕೆ ತಿರುಗಿಸಿ, ಮೇಲೆ ಎರಡಡಿ ಸಜ್ಜಾ ಕೊಡಿಸಿ. ಮೇಸ್ತ್ರಿ ಸುಣ್ಣದ ಗೆರೆ ಎಳೆಯುವ ಮೊದಲೇ ಅಪ್ಪನನ್ನೂ ಇಂಜಿನಿಯರನ್ನೂ ಒಟ್ಟಿಗೆ ಕೂರಿಸಿ ಮಾತಾಡಿ.