ಸೋಲು ಖಚಿತ ಅಂತ ಗೊತ್ತಿದ್ದೂ ಮಾತ್ಸುವಿನಲ್ಲಿ ಓಟು ಕೇಳಿದ ಲೀ ವೆನ್: ಇದು ಕೆಲಸವೋ, ಬರೀ ಪ್ರದರ್ಶನವೋ?

ತುಂಗಾತೀರ
ತೈವಾನ್ ಅಂದರೆ ನಮ್ಮ ಸುದ್ದಿಗಳಲ್ಲಿ ಚಿಪ್ ಕಾರ್ಖಾನೆ, ಚೀನಾದ ಯುದ್ಧವಿಮಾನ, ಅಷ್ಟೇ. ಅಲ್ಲಿನ ಚುನಾವಣೆಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದಕ್ಕೇ ಲೀ ವೆನ್ ಎಂಬ ಯುವ ರಾಜಕಾರಣಿಯ ಬಗ್ಗೆ ಚರ್ಚೆ ಶುರು ಮಾಡುತ್ತಿದ್ದೇನೆ.

ಅವರು ಡಿಪಿಪಿ, ಅಂದರೆ ಡೆಮಾಕ್ರಟಿಕ್ ಪ್ರೋಗ್ರೆಸಿವ್ ಪಾರ್ಟಿ, ಪಕ್ಷದವರು. 2016ರಿಂದ ಅಧ್ಯಕ್ಷ ಸ್ಥಾನ ಈ ಪಕ್ಷದ ಕೈಯಲ್ಲಿದೆ. ಆದರೆ ಲೀ ವೆನ್ ಓಟು ಕೇಳಲು ಹೋಗಿದ್ದು ಚೀನಾ ಕರಾವಳಿಯ ಪಕ್ಕದಲ್ಲಿರುವ, ತೈವಾನಿನ ಆಡಳಿತದ ಮಾತ್ಸು ದ್ವೀಪಗಳಿಗೆ. ಅದು ವಿರೋಧ ಪಕ್ಷ ಕೆಎಂಟಿಯ, ಅಂದರೆ ಕುವೊಮಿಂಟಾಂಗ್‌ನ, ಭದ್ರಕೋಟೆ. 2020ರಲ್ಲಿ ಅಲ್ಲಿಂದ ಸಂಸತ್ತಿಗೆ ನಿಂತರು, ಸೋತರು. 2022ರಲ್ಲಿ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಮುಖ್ಯಸ್ಥನ ಹುದ್ದೆಗೆ ನಿಂತರು, ಮತ್ತೆ ಸೋತರು. ಎರಡೂ ಸಲ ದೊಡ್ಡ ಅಂತರದ ಸೋಲು. 2020ರ ಅಧ್ಯಕ್ಷ ಚುನಾವಣೆಯಲ್ಲಿ ಇಡೀ ದೇಶದಲ್ಲಿ ಡಿಪಿಪಿಯ ತ್ಸಾಯಿ ಇಂಗ್-ವೆನ್‌ಗೆ ಶೇ. 57 ಮತ ಬಂತು. ಅದೇ ದಿನ ಮಾತ್ಸುವಿನ ಜನ ಕೆಎಂಟಿ ಅಭ್ಯರ್ಥಿಗೇ ಓಟು ಸುರಿದರು.

ಇಂಥ ಜಾಗಕ್ಕೆ ಹೋಗಿ ನಿಲ್ಲುವುದು ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ. ನಿಮಗೆ ಏನನ್ನಿಸುತ್ತದೆ?

ಓದುಗ72
ಸರ್, ನಾನು ಒಪ್ಪುವುದಿಲ್ಲ. ಗೆಲ್ಲುವುದಿಲ್ಲ ಅಂತ ಪಕ್ಷಕ್ಕೂ ಗೊತ್ತು, ಅಭ್ಯರ್ಥಿಗೂ ಗೊತ್ತು. ಮುಖ್ಯ ದ್ವೀಪದಿಂದ ಒಬ್ಬ ಓದಿದ ಹುಡುಗನನ್ನು ಕಳಿಸುತ್ತಾರೆ. ಪತ್ರಿಕೆಗಳಲ್ಲಿ ಒಳ್ಳೆಯ ಹೆಸರು ಬರುತ್ತದೆ. 2024ರಲ್ಲಿ ಅದೇ ಪಕ್ಷದ ಲಾಯ್ ಚಿಂಗ್-ತೆ ಅಧ್ಯಕ್ಷರಾದರು. ಆ ಸರ್ಕಾರದಲ್ಲಿ ಲೀ ವೆನ್ ಅಧ್ಯಕ್ಷರ ಕಚೇರಿಯ ವಕ್ತಾರರಾದರು. ಮಾತ್ಸುವಿನ ಮೀನುಗಾರನಿಗೆ ಇದರಿಂದ ಏನು ಸಿಕ್ಕಿತು? ಭದ್ರಕೋಟೆಗೆ ಹೋಗುವವನು ಅಲ್ಲೇ ಇಪ್ಪತ್ತು ವರ್ಷ ಕೂರಬೇಕು. ಆಗ ನಂಬುತ್ತೇನೆ.

ರವಿ_ಶಿಂಚು
ನಾನು ತೈವಾನಿನ ಶಿಂಚುವಿನಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಮಾತ್ಸು ಯಾಕೆ ಹೀಗೆ ಅನ್ನುವುದು ಮೊದಲು ಗೊತ್ತಾಗಬೇಕು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮಾತ್ಸು ಒಂದೇ ದ್ವೀಪ ಅಲ್ಲ, 36 ದ್ವೀಪಗಳ ಗುಂಪು. ಎಲ್ಲ ಸೇರಿಸಿದರೂ 30 ಚದರ ಕಿಲೋಮೀಟರ್ ಆಗುವುದಿಲ್ಲ. ಜನ ಹೆಚ್ಚಾಗಿ ಇರುವುದು ನಾನ್‌ಗಾನ್, ಬೇಗಾನ್, ದೊಂಗ್‌ಯಿನ್, ಜುಗುವಾಂಗ್‌ಗಳಲ್ಲಿ. ನೋಂದಾಯಿತ ಜನಸಂಖ್ಯೆ ಹದಿನಾಲ್ಕು ಸಾವಿರದ ಆಸುಪಾಸು. ಇಲ್ಲಿನ ಕೀಲುಂಗ್ ಬಂದರಿನಿಂದ ರಾತ್ರಿಯಿಡೀ ಹಡಗಿನಲ್ಲಿ ಹೋಗಬೇಕು. ಆದರೆ ಚೀನಾದ ಫುಜಿಯಾನ್ ಕರಾವಳಿ ಕಣ್ಣಿಗೆ ಕಾಣುವಷ್ಟು ಹತ್ತಿರ. ಜನರ ಹಿರಿಯರೂ ಫುಜೌ ಕಡೆಯಿಂದ ಬಂದವರು. ಅವರ ಮಾತು ಫುಜೌ ಮಾತಿನ ಬಳಗದ್ದು. ತೈವಾನಿನಲ್ಲಿ ಡಿಪಿಪಿ ಸಭೆಗಳಲ್ಲಿ ಕೇಳುವ ತಾಯ್ಗಿ ಭಾಷೆ ಅಲ್ಲಿನ ಅಜ್ಜಿಯರಿಗೆ ಅರ್ಥವೇ ಆಗುವುದಿಲ್ಲ.

ಇನ್ನೊಂದು ವಿಷಯ. ತೈವಾನಿನಲ್ಲಿ ಮಾರ್ಷಲ್ ಲಾ (ಸೈನಿಕ ಕಾನೂನು) ತೆಗೆದಿದ್ದು 1987ರಲ್ಲಿ. ಮಾತ್ಸುವಿನಲ್ಲೂ, ಅದರಂತೆಯೇ ಚೀನಾ ಪಕ್ಕದಲ್ಲಿರುವ ಕಿನ್ಮೆನ್ ದ್ವೀಪದಲ್ಲೂ ಅದು 1992ರ ನವೆಂಬರ್‌ವರೆಗೆ ಇತ್ತು. 1956ರಿಂದ ಅಲ್ಲಿ ನಡೆದಿದ್ದು ಸೈನ್ಯದ ಆಡಳಿತ. ಮುಖ್ಯ ದ್ವೀಪಕ್ಕೆ ಹೋಗಲು ಪರವಾನಗಿ ಬೇಕಿತ್ತು. ರಾತ್ರಿ ದೀಪದ ಬೆಳಕು ಹೊರಗೆ ಕಾಣಬಾರದು. ಯಾರಾದರೂ ಈಜಿ ಚೀನಾಕ್ಕೆ ಹೋದಾರು ಅಂತ ಬಾಸ್ಕೆಟ್‌ಬಾಲ್‌ನಂಥ ತೇಲುವ ಸಾಮಾನಿಗೂ ನಿರ್ಬಂಧ. ಇದೆಲ್ಲ ಕೆಎಂಟಿ ಕಾಲದ್ದೇ. ಆದರೂ ಅದೇ ಪಕ್ಷಕ್ಕೆ ಓಟು. ಕಾರಣ ಹೊಟ್ಟೆಪಾಡು. ಅಂಗಡಿ, ಹೋಟೆಲು, ಬಟ್ಟೆ ಒಗೆಯುವ ಕೆಲಸ ಎಲ್ಲ ನಡೆದಿದ್ದು ಸೈನಿಕರಿಂದ. ಶಾಲೆ, ರಸ್ತೆ, ಸರ್ಕಾರಿ ನೌಕರಿ ಬಂದಿದ್ದೂ ಅದೇ ಬಾಗಿಲಿನಿಂದ. ಸೈನ್ಯ ಕಡಿಮೆಯಾದ ಮೇಲೆ ವ್ಯಾಪಾರ ಕುಸಿಯಿತು. ಅದಕ್ಕೂ ಮೊದಲೇ, 70ರ ದಶಕದಲ್ಲಿ, ಎಷ್ಟೋ ಮನೆಗಳು ಮುಖ್ಯ ದ್ವೀಪದ ತಾವ್‌ಯುವಾನ್‌ನ ಬಾದೆ ಕಡೆಯ ಕಾರ್ಖಾನೆಗಳಿಗೆ ವಲಸೆ ಹೋಗಿದ್ದವು.

ಕಡಲಹಕ್ಕಿ
ರವಿ ಅವರೇ, ಒಳ್ಳೆಯ ವಿವರ. ಆದರೆ ಹೊಟ್ಟೆಪಾಡು ಒಂದೇ ಕಾರಣ ಅಲ್ಲ. ಡಿಪಿಪಿ ತಾನೇ ಮಾಡಿಕೊಂಡಿದ್ದೂ ಇದೆ. 1994ರಲ್ಲಿ ಆಗಿನ ಪಕ್ಷದ ಅಧ್ಯಕ್ಷ ಶಿ ಮಿಂಗ್-ತೆ ಕಿನ್ಮೆನ್ ಮತ್ತು ಮಾತ್ಸುವಿನಿಂದ ಸೈನ್ಯವನ್ನೇ ವಾಪಸ್ ಕರೆಸಿಕೊಳ್ಳೋಣ ಅಂದಿದ್ದರು. ನೀವು ಆ ದ್ವೀಪದವರಾಗಿ ಯೋಚಿಸಿ. 'ನಮ್ಮನ್ನು ಬಿಟ್ಟುಕೊಡಲು ತಯಾರಿದ್ದಾರೆ' ಅಂತಲೇ ಕೇಳಿಸುವುದಲ್ವಾ? ಆ ಗಾಯ ಮಾಯಲು ಒಂದು ತಲೆಮಾರು ಬೇಕು.

ಇನ್ನೂ ಆಳದ ತೊಡಕು ಒಂದಿದೆ. ಡಿಪಿಪಿ ಹೇಳುವ ತೈವಾನ್ ಕಥೆ ಏನು? ಐವತ್ತು ವರ್ಷ ಜಪಾನ್ ಆಳ್ವಿಕೆ, 1947ರ ಫೆಬ್ರುವರಿ 28ರ ನಂತರ ಕೆಎಂಟಿ ಸರ್ಕಾರ ನಡೆಸಿದ ಹತ್ಯಾಕಾಂಡ, ಆಮೇಲೆ ಪ್ರಜಾಪ್ರಭುತ್ವದ ಹೋರಾಟ. ಮಾತ್ಸು 1895ರಲ್ಲಿ ತೈವಾನ್ ಜೊತೆ ಜಪಾನಿನ ಕೈಗೆ ಹೋಗಲೇ ಇಲ್ಲ. ಅದು ಫುಜಿಯಾನ್ ಪ್ರಾಂತ್ಯದಲ್ಲೇ ಉಳಿದಿತ್ತು. ಅವರ ನೆನಪುಗಳೇ ಬೇರೆ. 'ನಾವೆಲ್ಲ ತೈವಾನಿಗರು' ಅಂದಾಗ ಅಲ್ಲಿನ ಮನುಷ್ಯ 'ಇದರಲ್ಲಿ ನಾನು ಎಲ್ಲಿದ್ದೇನೆ?' ಅಂತ ಕೇಳುತ್ತಾನೆ. ಲೀ ವೆನ್ ಅಲ್ಲಿಗೆ ಹೋಗಿದ್ದು ಪಕ್ಷಕ್ಕೇ ಒಂದು ಪಾಠ. ಮಾತ್ಸುವನ್ನು ಬಿಟ್ಟು ತೈವಾನ್ ಬಗ್ಗೆ ಮಾತಾಡಲು ಆಗುವುದಿಲ್ಲ ಅಂತ ಒಳಗಿನವರಿಗೆ ಹೇಳುವವರು ಬೇಕಿತ್ತು.

ಓದುಗ72
ಪಕ್ಷಕ್ಕೆ ಪಾಠ ಆಯಿತು, ಸರಿ. ಊರಿಗೆ?

ತುಂಗಾತೀರ
ಊರಿಗೂ ಆಯಿತು ಸರ್. 2023ರ ಫೆಬ್ರುವರಿ ನೋಡಿ. ತೈವಾನಿಗೂ ಮಾತ್ಸುವಿಗೂ ಸಮುದ್ರದಡಿ ಎರಡು ಇಂಟರ್ನೆಟ್ ಕೇಬಲ್ ಇದ್ದವು. 2ನೇ ತಾರೀಕು ಒಂದು ಹೋಯಿತು, 8ಕ್ಕೆ ಇನ್ನೊಂದು. ಒಂದನ್ನು ಚೀನಾದ ಮೀನುಗಾರಿಕೆ ಹಡಗು, ಇನ್ನೊಂದನ್ನು ಸರಕು ಹಡಗು ತುಂಡು ಮಾಡಿತು ಅಂತ ತೈವಾನಿನ ಅಧಿಕಾರಿಗಳು ಹೇಳಿದರು. ಸುಮಾರು ಐವತ್ತು ದಿನ ದ್ವೀಪಗಳು ಮೈಕ್ರೋವೇವ್ ಸಂಪರ್ಕದ ಮೇಲೆ ಬದುಕಿದವು. ಒಂದು ಮೆಸೇಜ್ ಹೋಗಲು ನಿಮಿಷಗಟ್ಟಲೆ ಕಾಯಬೇಕಿತ್ತು. ಲಾಡ್ಜ್‌ಗಳ ಬುಕಿಂಗ್, ಅಂಗಡಿಗಳ ವ್ಯಾಪಾರ ಎಲ್ಲ ಕೈಕೊಟ್ಟವು.

ಆಗ ಲೀ ವೆನ್ ಮಾತ್ಸುವಿನ ಡಿಪಿಪಿ ಘಟಕದ ಮುಖ್ಯಸ್ಥ. ವಿದೇಶಿ ಪತ್ರಕರ್ತರಿಗೆ ಅಲ್ಲಿನ ಕಷ್ಟವನ್ನು ವಿವರಿಸಿದವರಲ್ಲಿ ಅವರೂ ಒಬ್ಬರು. ದೂರದ ಪುಟ್ಟ ದ್ವೀಪದ ತೊಂದರೆ ಜಗತ್ತಿನ ಸುದ್ದಿಯಾಯಿತು. ತೈಪೆಯಲ್ಲಿ ಆಳುವ ಪಕ್ಷದ ಒಬ್ಬ ಮನುಷ್ಯ ಆ ಊರಿನಲ್ಲೇ ಇದ್ದ. ಎರಡು ಸೋಲಿನ ನಂತರವೂ ಇದ್ದ. ಇದಕ್ಕೆ ಬೆಲೆ ಇಲ್ವಾ?

ಓದುಗ72
ಬೆಲೆ ಇದೆ, ಆದರೆ ನೀವು ಹೇಳುವಷ್ಟಲ್ಲ. ಕೇಬಲ್ ರಿಪೇರಿ ಮಾಡಿಸಿದ್ದು ಚುಂಗ್‌ಹ್ವಾ ಟೆಲಿಕಾಂ. ಅದು ಲೀ ವೆನ್ ಇಲ್ಲದಿದ್ದರೂ ಆಗುತ್ತಿತ್ತು. ಮತ್ತೊಂದು ಮಾತು. ಚೀನಾ ಎದುರು ಗಟ್ಟಿಯಾಗಿ ನಿಲ್ಲಬೇಕು ಅಂತ ತೈಪೆಯಲ್ಲಿ ಕೂತು ಹೇಳುವುದು ಸುಲಭ. ಗುಂಡು ಬಿದ್ದರೆ ಮೊದಲು ಬೀಳುವುದು ಮಾತ್ಸುವಿನ ಮೇಲೆ. 1958ರ ಚೀನಾದ ಶೆಲ್ ದಾಳಿಯ ದಿನಗಳನ್ನು ಕಂಡ ಮುದುಕರು ಅಲ್ಲಿ ಇನ್ನೂ ಇದ್ದಾರೆ. 2001ರಲ್ಲಿ ಮಾತ್ಸುವಿನಿಂದ ಫುಜೌ ಕಡೆಗೆ ನೇರ ಹಡಗು ಶುರುವಾಯಿತು. ಆ ದಾರಿ ತೆರೆದಿರಲಿ, ಪ್ರವಾಸಿಗರು ಬರಲಿ ಅಂತ ಜನ ಬಯಸುತ್ತಾರೆ. ಇದು ದೇಶದ್ರೋಹವೂ ಅಲ್ಲ, ತಿಳಿವಳಿಕೆ ಕಡಿಮೆ ಅಂತಲೂ ಅಲ್ಲ. ಅವರು ಯೋಚಿಸಿಯೇ ಓಟು ಹಾಕುತ್ತಿದ್ದಾರೆ. 'ಪಾಪ, ಅವರಿಗೆ ಆಯ್ಕೆ ಇರಲಿಲ್ಲ, ನಾವು ಹೋಗಿ ಕೊಟ್ಟೆವು' ಅನ್ನುವ ಧಾಟಿ ನನಗೆ ಹಿಡಿಸುವುದಿಲ್ಲ.

ಮೈತ್ರಿ_ಮೈಸೂರು
ಓದುಗ ಸರ್ ಹೇಳಿದ ಕೊನೆಯ ಮಾತು ನನಗೆ ತುಂಬಾ ಮುಖ್ಯ ಅನ್ನಿಸಿತು. ಅಲ್ಲಿನ ಜನರ ಓಟಿಗೆ ಗೌರವ ಕೊಡಲೇಬೇಕು. ಆದರೆ ಗೌರವ ಕೊಡುವುದು ಅಂದರೆ ಅವರ ಹತ್ತಿರ ಹೋಗಿ ಓಟು ಕೇಳುವುದೇ ಅಲ್ವಾ? ಹೋಗದೇ ಇರುವುದು ಅಗೌರವ.

2022ರ ಕೌಂಟಿ ಚುನಾವಣೆಯನ್ನೇ ತೆಗೆದುಕೊಳ್ಳಿ. ಗೆಲ್ಲುವ ಸಾಧ್ಯತೆ ಇದ್ದ ಇಬ್ಬರೂ, ವಾಂಗ್ ಚುಂಗ್-ಮಿಂಗ್ ಮತ್ತು ತ್ಸಾವ್ ಅರ್-ಯುವಾನ್, ಕೆಎಂಟಿಯವರೇ. ವಾಂಗ್ ಗೆದ್ದರು. ಅಂದರೆ ಅಲ್ಲಿ ನಿಜವಾದ ಪೈಪೋಟಿ ಒಂದೇ ಪಕ್ಷದ ಒಳಗೆ, ಮನೆತನ ಮತ್ತು ಗುಂಪುಗಳ ನಡುವೆ. ಹತ್ತು ಸಾವಿರ ಚಿಲ್ಲರೆ ಮತದಾರರ ಊರಿನಲ್ಲಿ ಯಾರು ಯಾರ ಕಡೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಅಲ್ಲಿ ಒಬ್ಬ ಹೊರಗಿನ ಪಕ್ಷದವನು ನಿಂತು ಆಸ್ಪತ್ರೆ, ಹಡಗು, ವಿಮಾನದ ಬಗ್ಗೆ ಪ್ರಶ್ನೆ ಕೇಳಿದರೆ ಉಳಿದಿಬ್ಬರೂ ಉತ್ತರ ಕೊಡಬೇಕಾಗುತ್ತದೆ.

ಮತ ವ್ಯರ್ಥ ಅನ್ನುವುದೂ ಸರಿಯಲ್ಲ. ತೈವಾನಿನ ಸಂಸತ್ತಿನಲ್ಲಿ 113 ಸ್ಥಾನ. ಅದರಲ್ಲಿ 34 ಸ್ಥಾನ ಪಕ್ಷಕ್ಕೆ ಬಿದ್ದ ಮತದ ಪಾಲಿನ ಮೇಲೆ ಹಂಚಿಕೆ. ಮತದಾರ ತನ್ನ ಕ್ಷೇತ್ರದ ಅಭ್ಯರ್ಥಿಗೊಂದು, ಪಕ್ಷಕ್ಕೊಂದು, ಅಧ್ಯಕ್ಷರಿಗೊಂದು ಓಟು ಹಾಕುತ್ತಾನೆ. ಅಧ್ಯಕ್ಷರ ಮತ್ತು ಪಕ್ಷದ ಓಟು ಮಾತ್ಸುವಿನಲ್ಲಿ ಬಿದ್ದರೂ ಒಂದೇ, ಮುಖ್ಯ ದ್ವೀಪದ ತೈನಾನ್‌ನಲ್ಲಿ ಬಿದ್ದರೂ ಒಂದೇ. ಊರಿನಲ್ಲಿ ಒಬ್ಬ ಅಭ್ಯರ್ಥಿ ಓಡಾಡಿದರೆ ಆ ಎರಡು ಓಟಿಗೂ ಅನುಕೂಲ.

ರವಿ_ಶಿಂಚು
ಮೈತ್ರಿ ಮೇಡಂ, ಇದಕ್ಕೆ ಒಂದು ಸೇರಿಸುತ್ತೇನೆ. ಇಲ್ಲಿ ಅಂಚೆ ಮತದಾನ ಇಲ್ಲ. ಹೆಸರು ನೋಂದಾಯಿಸಿದ ಊರಿಗೇ ಹೋಗಿ ಓಟು ಹಾಕಬೇಕು. ಮಾತ್ಸುವಿನಲ್ಲಿ ಹೆಸರಿದ್ದು ಮುಖ್ಯ ದ್ವೀಪದಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ಜಾಸ್ತಿ. ಡಿಪಿಪಿಗೆ ಮನಸ್ಸು ಮಾಡಬಹುದಾದವರು ಅವರಲ್ಲೇ ಹೆಚ್ಚು ಅಂತ ನನ್ನ ಅಂದಾಜು. ಮಂಜು ಬಿದ್ದರೆ ವಿಮಾನ ಇಳಿಯುವುದಿಲ್ಲ, ಅಲೆ ಎದ್ದರೆ ಹಡಗು ಹೊರಡುವುದಿಲ್ಲ. ಅಂಥವರನ್ನು ಊರಿಗೆ ಬರುವಂತೆ ಒಪ್ಪಿಸಬೇಕು. ಇದು ಬರೀ ಭಾಷಣದಿಂದ ಆಗುವ ಕೆಲಸ ಅಲ್ಲ.

ಕಡಲಹಕ್ಕಿ
ಭದ್ರಕೋಟೆ ಯಾವತ್ತೂ ಒಡೆಯುವುದಿಲ್ಲ ಅಂತ ತಿಳಿದವರು ಕಾವೋಶಿಯುಂಗ್ ನೆನಪಿಸಿಕೊಳ್ಳಿ. ಇಪ್ಪತ್ತು ವರ್ಷ ಡಿಪಿಪಿ ಹಿಡಿತದಲ್ಲಿದ್ದ ಊರು. 2018ರಲ್ಲಿ ಕೆಎಂಟಿಯ ಹಾನ್ ಕುವೊ-ಯು 8.92 ಲಕ್ಷ ಮತ ಪಡೆದು ಮೇಯರ್ ಆದರು. 2020ರ ಜೂನ್ 6ರಂದು, ಮೇಯರ್‌ನನ್ನು ವಾಪಸ್ ಕರೆಸುವ ಮತದಾನದಲ್ಲಿ, ಅದೇ ಊರು 9.39 ಲಕ್ಷ ಮತ ಹಾಕಿ ಅವರನ್ನು ಕೆಳಗಿಳಿಸಿತು. ತೈವಾನಿನ ಮತದಾರ ಯಾರ ಆಸ್ತಿಯೂ ಅಲ್ಲ.

ಓದುಗ72
ಕಾವೋಶಿಯುಂಗ್ ದೊಡ್ಡ ನಗರ, ಅಲ್ಲಿ ಗಾಳಿ ತಿರುಗುತ್ತದೆ. ಮಾತ್ಸುವಿನಲ್ಲಿ ಓಟು ನಡೆಯುವುದು ಬಂಧುಬಳಗದ ಮೇಲೆ. ಹಾಗಾಗಿ ನನ್ನ ಮುಖ್ಯ ತಕರಾರು ಇಷ್ಟು. ಕೌಂಟಿ ಪರಿಷತ್ತಿನಲ್ಲಿ 9 ಸ್ಥಾನ ಇವೆ. ಹೆಚ್ಚು ಸ್ಥಾನ ನಾನ್‌ಗಾನ್‌ಗೆ. ಅಲ್ಲಿ ಒಂದೇ ವಾರ್ಡಿನಿಂದ ಹಲವರು ಗೆಲ್ಲುತ್ತಾರೆ, ಮತದಾರನಿಗೆ ಒಂದೇ ಓಟು. ಕೆಲವು ನೂರು ಮತ ಸಿಕ್ಕರೂ ಒಳಗೆ ಹೋಗಬಹುದು. ತೈಪೆಯ ದಾಆನ್ ಕೆಎಂಟಿಯ ಗಟ್ಟಿ ನೆಲ. ಅಲ್ಲೂ ಮಿಯಾವ್ ಪೋ-ಯಾ 2018ರಲ್ಲಿ ಸಣ್ಣ ಪಕ್ಷದಿಂದ ನಗರ ಪರಿಷತ್ತಿಗೆ ಗೆದ್ದಿದ್ದು ಇದೇ ಪದ್ಧತಿಯಿಂದ. 2024ರಲ್ಲಿ ಅದೇ ದಾಆನ್‌ನಿಂದ ಸಂಸತ್ತಿಗೆ ನಿಂತರು, ಒಂದೇ ಸ್ಥಾನ, ಸೋತರು. ಲೀ ವೆನ್ 2022ರಲ್ಲಿ ಪರಿಷತ್ತಿಗೆ ನಿಲ್ಲಬೇಕಿತ್ತು. ಗೆದ್ದಿದ್ದರೆ ನಾಲ್ಕು ವರ್ಷ ಅಲ್ಲೇ ಕೂತು ಬಜೆಟ್ ಓದುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು.

ತುಂಗಾತೀರ
ಇದು ಗಟ್ಟಿ ವಾದ ಸರ್. ಆದರೆ ಪರಿಷತ್ತಿನ ಓಟು ಇನ್ನೂ ಜಾಸ್ತಿ ಬಂಧುಬಳಗದ್ದು. ಚಿಕ್ಕಪ್ಪನ ಮಗ ನಿಂತಿರುವಾಗ ಹೊರಗಿನಿಂದ ಬಂದವನಿಗೆ ಯಾರು ಹಾಕುತ್ತಾರೆ? ಕೌಂಟಿ ಮುಖ್ಯಸ್ಥನ ಹುದ್ದೆಗೆ ನಿಂತರೆ ಎಲ್ಲ ದ್ವೀಪಗಳಿಗೂ ಹೋಗಬಹುದು, ಇಡೀ ಊರಿನ ವಿಷಯ ಎತ್ತಬಹುದು. ಮೊದಲು ಪಕ್ಷದ ಹೆಸರು ಹೇಳಿಕೊಳ್ಳಲು ಜನರಿಗೆ ಧೈರ್ಯ ಬರಬೇಕು. ಆಮೇಲೆ ಪರಿಷತ್ತಿಗೆ ಊರಿನವರೇ ನಿಲ್ಲಬೇಕು.

ಮೈತ್ರಿ_ಮೈಸೂರು
ಹಾಗಾದರೆ ನೋಡಬೇಕಾದ್ದು ಲೀ ವೆನ್ ತೈಪೆಗೆ ಹೋದರಾ ಇಲ್ವಾ ಅನ್ನುವುದಲ್ಲ. ನಾನ್‌ಗಾನ್‌ನಲ್ಲೇ ಹುಟ್ಟಿದ ಯಾರಾದರೂ ಡಿಪಿಪಿ ಚಿಹ್ನೆ ಹಿಡಿದು ಆ 9 ಸ್ಥಾನಗಳಲ್ಲಿ ಒಂದಕ್ಕೆ ನಿಲ್ಲುತ್ತಾರಾ ಅನ್ನುವುದು. 2026ರ ನವೆಂಬರ್‌ಗೆ ಸ್ಥಳೀಯ ಚುನಾವಣೆ. ರವಿ ಅವರೇ, ಅಭ್ಯರ್ಥಿಗಳ ಪಟ್ಟಿ ಬಂದಾಗ ಇಲ್ಲಿ ಹಾಕುತ್ತೀರಾ?

ರವಿ_ಶಿಂಚು
ಖಂಡಿತ ಹಾಕುತ್ತೇನೆ ಮೇಡಂ. ಚುನಾವಣಾ ಆಯೋಗದ ಪಟ್ಟಿ ಚೀನೀ ಲಿಪಿಯಲ್ಲಿ ಇರುತ್ತದೆ, ಹೆಸರು ಮತ್ತು ಪಕ್ಷವನ್ನು ಕನ್ನಡದಲ್ಲಿ ಬರೆದು ಹಾಕುತ್ತೇನೆ. ಪರಿಷತ್ತಿನದ್ದು ಮಾತ್ರ ಅಲ್ಲ, ಹಳ್ಳಿ ಮುಖ್ಯಸ್ಥರದ್ದೂ ನೋಡೋಣ.

ಓದುಗ72
ಹಳ್ಳಿ ಮುಖ್ಯಸ್ಥರದ್ದನ್ನೇ ಮೊದಲು ಹಾಕಿ. ನಾನು ಕೇಳುತ್ತಿರುವುದು ಅದನ್ನೇ.