ಸಹಾಯ ಬೇಕು: ದ್ರವ್ಯರಾಶಿ ಪಾಠಕ್ಕೆ ಹಳೆಯ ತಕ್ಕಡಿ, ತೂಕದ ಕಲ್ಲುಗಳು

ಸದಸ್ಯರಿಗೆ ನಮಸ್ಕಾರ. ದಾವಣಗೆರೆ ತಾಲ್ಲೂಕಿನ ಶಾಲೆಯೊಂದರಲ್ಲಿ ಐದನೇ ತರಗತಿಗೆ ಗಣಿತ ಕಲಿಸುತ್ತಿದ್ದೇನೆ. ಮೆಕ್ಕೆಜೋಳದ ದರವನ್ನು ಕ್ವಿಂಟಾಲ್ ಲೆಕ್ಕದಲ್ಲೇ ಕೇಳಿ ಬೆಳೆದ ಮಕ್ಕಳಿಗೆ 100 ಕಿಲೋಗ್ರಾಂ ಸೇರಿದರೆ ಒಂದು ಕ್ವಿಂಟಾಲ್, 1000 ಸೇರಿದರೆ ಒಂದು ಟನ್ ಎಂಬುದು ಬೇಗ ತಿಳಿಯುತ್ತದೆ; ಆದರೆ ಅರ್ಧ ಕಿಲೋ ಮಂಡಕ್ಕಿಯ ಉಬ್ಬಿದ ಚೀಲವನ್ನೂ ಒಂದು ಕಿಲೋ ಉಪ್ಪಿನ ಪೊಟ್ಟಣವನ್ನೂ ಎದುರಿಗಿಟ್ಟರೆ, ಗಾತ್ರ ನೋಡಿ ಚೀಲವೇ ಭಾರವೆಂದುಬಿಡುತ್ತಾರೆ. ಡಿಜಿಟಲ್ ತಕ್ಕಡಿ ಅಂಕಿಯನ್ನಷ್ಟೇ ತೋರಿಸುತ್ತದೆ. ಎರಡು ತಟ್ಟೆಗಳು ಸಮವಾಗಿ ನಿಲ್ಲುವುದನ್ನು ಕಣ್ಣಾರೆ ಕಂಡರೆ ಮಾತ್ರ ಹೋಲಿಕೆ ಮನವರಿಕೆಯಾದೀತು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಬಳಕೆ ನಿಂತಿರುವ ತಟ್ಟೆ ತಕ್ಕಡಿ ಮತ್ತು 50 ಗ್ರಾಂನಿಂದ 1 ಕಿಲೋವರೆಗಿನ ಕಲ್ಲುಗಳು ಯಾರ ಬಳಿಯಾದರೂ ಇದ್ದರೆ, ಕೆಲವು ದಿನಗಳ ಮಟ್ಟಿಗೆ ಕೊಡಬೇಕೆಂದು ಕೋರುತ್ತೇನೆ. ತೂಕ ಸರಿಯಿದೆಯೆಂದು ಪರೀಕ್ಷಿಸಿ ಹಾಕುವ ಸರ್ಕಾರಿ ಮುದ್ರೆಯ ಅವಧಿ ಮೀರಿದ್ದರೂ ಅಡ್ಡಿಯಿಲ್ಲ, ವ್ಯಾಪಾರಕ್ಕಲ್ಲವಲ್ಲ. 5, 10 ಗ್ರಾಂನ ಚಿಕ್ಕ ಕಲ್ಲುಗಳೂ ಸಿಕ್ಕರೆ ಇನ್ನೂ ಒಳ್ಳೆಯದು.